ಕಾಲು ಸರಿಹೋಗುತ್ತೆ, ಬೆಳಗ್ಗೆ ವಾಪಸ್ ಸಿಗಲ್ಲ

ಕಾಲು ನೋವಾದರೆ ಜನ ಮೂಳೆ ಡಾಕ್ಟರ್ ಹತ್ತಿರ ಹೋಗುತ್ತಾರೆ, ಫಿಸಿಯೋ ಹತ್ತಿರ ಹೋಗುತ್ತಾರೆ. ಆಪ್ತಸಲಹೆಗೆ ಯಾರು ಬರುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಎರಡು ವರ್ಷದಲ್ಲಿ ಒಂದೇ ಥರದ ತೊಂದರೆ ಹೊತ್ತು ಮೂವರು ಹೆಂಗಸರು ನನ್ನ ಹತ್ತಿರ ಬಂದರು. ಮೂವರೂ ಓಟಗಾರರು. ಮೂವರೂ ಪೆಟ್ಟು ವಾಸಿಯಾಗುವ ಮೊದಲೇ ಓಡಿ, ಅದೇ ಜಾಗದಲ್ಲಿ ಮತ್ತೆ ಪೆಟ್ಟು ಮಾಡಿಕೊಂಡವರು. ಡಾಕ್ಟರ್ ಹೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಅರ್ಥವಾಗಿತ್ತು. ಆದರೂ ಓಡಿದ್ದರು. ಯಾಕೆ ಅನ್ನುವುದನ್ನು ನನಗೆ ಬಿಡಿಸಿ ಹೇಳಿದವರು ಮೂರನೆಯವರು. ಅವರ ಒಪ್ಪಿಗೆ ತಗೊಂಡು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ, ಹೆಸರು ಬೇಡ.

ವಯಸ್ಸು ನಲವತ್ತೊಂದು. ಮೈಸೂರಿನವರೇ. ಆಫೀಸ್ ಕೆಲಸ. ಮನೆಯಲ್ಲಿ ಗಂಡ, ಪಿಯುಸಿ ಓದುವ ಮಗ, ಅತ್ತೆ. ನಾಲ್ಕು ವರ್ಷದ ಹಿಂದೆ ತೂಕ ಇಳಿಸೋಣ ಅಂತ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯೋಕೆ ಶುರು ಮಾಡಿದ್ದರು. ನಡಿಗೆ ಓಟವಾಯಿತು. ಒಂದು ಓಟದ ಗುಂಪು ಸಿಕ್ಕಿತು. ಹತ್ತು ಕಿಲೋಮೀಟರ್ ಮುಗಿಸಿದರು, ಹಾಫ್ ಮ್ಯಾರಥಾನಿನ 21 ಕಿಲೋಮೀಟರಿಗೆ ತಯಾರಿ ನಡೆದಿತ್ತು. ಆಗ ಎಡಗಾಲಿನಲ್ಲಿ, ಮಂಡಿಯ ಕೆಳಗಿನ ಉದ್ದ ಮೂಳೆಯ ಒಳಬದಿಯಲ್ಲಿ ನೋವು ಬಂತು. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನೋವು ನಿಲ್ಲದೆ ಇದ್ದಾಗ ಎಂಆರ್‌ಐ ಮಾಡಿಸಿದರು. ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಒಂದೇ ಪೆಟ್ಟಿಗೆ ಮುರಿದದ್ದಲ್ಲ, ದಿನಾ ಬಿದ್ದ ಭಾರಕ್ಕೆ ಮೂಳೆಯಲ್ಲಿ ಮೂಡಿದ ಬಿರುಕು. ಎಂಟು ವಾರ ಓಡಬೇಡಿ ಅಂದರು. ಇವರು ಐದನೇ ವಾರ ಓಡಿದರು. ಮತ್ತೆ ನೋವು, ಮತ್ತೆ ಎಂಟು ವಾರ. ಎರಡನೇ ಸಲ ನಾಲ್ಕನೇ ವಾರದಲ್ಲೇ ಕದ್ದು ಓಡಿದ್ದು ಗೊತ್ತಾದಾಗ ಫಿಸಿಯೋ ಅವರೇ ನನ್ನ ಹತ್ತಿರ ಕಳಿಸಿದರು.

ಎಕ್ಸ್‌ರೇ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಮಾಮೂಲು. "ಎಕ್ಸ್‌ರೇ ಕ್ಲಿಯರ್ ಇದೆ" ಅನ್ನುವ ಮಾತು ಮನೆಯವರ ಕಿವಿಗೆ "ಏನೂ ಆಗಿಲ್ಲ" ಅಂತ ಕೇಳಿಸುತ್ತದೆ. ಮೂಳೆ ಕೂಡಿಕೊಳ್ಳುವ ಕ್ರಮವೂ ನಾವು ಅಂದುಕೊಂಡ ಹಾಗಿಲ್ಲ. ಭಾರ ಬಿದ್ದ ಜಾಗದಲ್ಲಿ ದೇಹ ಮೊದಲು ಹಳೇ ಮೂಳೆಯನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ತೆಗೆಯುವುದಕ್ಕೆ ಕೆಲವು ವಾರ ಸಾಕು, ಕಟ್ಟುವುದಕ್ಕೆ ತಿಂಗಳುಗಳು ಬೇಕು. ನಡುವಿನ ಆ ಸಮಯದಲ್ಲಿ ಮೂಳೆ ಮೊದಲಿಗಿಂತ ಮೆತ್ತಗಿರುತ್ತದೆ. ನೋವು ಕಡಿಮೆಯಾಯಿತು ಅಂತ ಓಡಿದರೆ ಸಿಕ್ಕಿಬೀಳುವುದು ಅಲ್ಲೇ. ಇದನ್ನೆಲ್ಲ ಡಾಕ್ಟರ್ ಅವರಿಗೆ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದ್ದರಂತೆ.

ಮೊದಲ ಎರಡು ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ತಾಳ್ಮೆಯ ಬಗ್ಗೆ ಮಾತಾಡಿದೆ. ಓಟದ ಚಟ ಹಿಡಿದಿದೆಯಾ ಅಂತ ನೋಡೋಕೆ ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದೆ. ಓಡದ ದಿನ ಸಿಡಿಮಿಡಿ ಆಗುತ್ತಾ, ನಿದ್ದೆ ಕೆಡುತ್ತಾ, ಬೇರೆ ಕೆಲಸ ತಪ್ಪಿಸಿ ಓಡುತ್ತೀರಾ? ಎಲ್ಲದಕ್ಕೂ ಮರ್ಯಾದೆಯಿಂದ ಉತ್ತರ ಕೊಟ್ಟರು. ತಲೆಯಾಡಿಸಿದರು. ಆ ವಾರದ ಕೊನೆಗೆ ಮತ್ತೆ ಎರಡು ಕಿಲೋಮೀಟರ್ ಓಡಿದರು.

ಮೂರನೇ ಭೇಟಿ. ಕೂತ ತಕ್ಷಣ ಅವರ ಬಲಗೈ ಹೆಬ್ಬೆರಳು ಎಡಗಾಲಿನ ಮೂಳೆ ಮೇಲೆ ಹೋಯಿತು. ಮಾತಾಡುತ್ತಲೇ ಸೀರೆಯ ಮೇಲಿಂದ ಒಂದೇ ಜಾಗವನ್ನು ಒತ್ತಿ ನೋಡುತ್ತಿದ್ದರು. ಒತ್ತುವುದು, ಬಿಡುವುದು, ಸ್ವಲ್ಪ ಕೆಳಗೆ ಒತ್ತುವುದು. ನಾನು ತಾಳ್ಮೆಯ ಮಾತು ಬಿಟ್ಟು ಬೇರೆ ಕೇಳಿದೆ. "ಓಟ ನಿಲ್ಲಿಸಿದ ಮೊದಲ ದಿನದಿಂದ ಶುರು ಮಾಡಿ. ಬೆಳಗ್ಗೆ ಏನೇನಾಯ್ತು ಹೇಳಿ."

ಮೊದಲ ವಾರ ಮನೆಯವರೆಲ್ಲ ರೆಸ್ಟ್ ತಗೋ ಅಂದರಂತೆ. ಅತ್ತೆಯೇ ಕಾಫಿ ಮಾಡಿ ಕೊಟ್ಟರಂತೆ. ಎರಡನೇ ವಾರ ಐದೂವರೆಗೆ ಎಚ್ಚರವಾಗಿ ಸುಮ್ನೆ ಹಾಲ್‌ನಲ್ಲಿ ಕೂತಿದ್ದರು. "ಹೇಗೂ ಎದ್ದಿದ್ದೀಯಲ್ಲ, ಹಾಲು ತಂದುಬಿಡು" ಅಂದರು ಗಂಡ. ಬೂತ್ ಹತ್ತಿರದಲ್ಲೇ ಇದೆ, ತಂದರು. ಮೂರನೇ ವಾರ ಮಗನ ಟ್ಯೂಷನ್ ಆರು ಗಂಟೆಗೆ ಬದಲಾಯಿತು. ಹೇಗೂ ಓಡ್ತಾ ಇಲ್ವಲ್ಲ, ಅಮ್ಮ ಬಿಟ್ಟು ಬರಲಿ. ಆಮೇಲೆ ಅತ್ತೆಗೆ ಬಿಸಿನೀರು. ಆಮೇಲೆ ಡಬ್ಬಿಗೆ ಚಪಾತಿ, ಪಲ್ಯದ ಜೊತೆ ಚಿತ್ರಾನ್ನ. ಯಾರೂ ಜೋರು ಮಾಡಲಿಲ್ಲ. ಒಬ್ಬೊಬ್ಬರೂ ಒಂದೊಂದು ಸಣ್ಣ ಕೆಲಸ ಹೇಳಿದರು, ಅಷ್ಟೇ. ಐದನೇ ವಾರದ ಹೊತ್ತಿಗೆ ಐದೂವರೆಯಿಂದ ಏಳು ಗಂಟೆಯವರೆಗೆ ಐದು ನಿಮಿಷವೂ ಅವರದ್ದಾಗಿ ಉಳಿದಿರಲಿಲ್ಲ.

"ಡಾಕ್ಟರ್ ಹೇಳಿದ್ದು ಎಂಟು ವಾರ ಅಲ್ವಾ?" ಅಂದೆ.

ಹೆಬ್ಬೆರಳು ನಿಂತಿತು. "ಕಾಲು ಸರಿಹೋಗುತ್ತೆ ಮೇಡಂ. ಬೆಳಗ್ಗೆ ವಾಪಸ್ ಸಿಗಲ್ಲ" ಅಂದರು.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರೇ ಮುಂದುವರಿಸಿದರು. "ಎಂಟು ವಾರ ಆದ್ಮೇಲೆ ನಾನು ಮತ್ತೆ ಓಡ್ತೀನಿ ಅಂದ್ರೆ, ಟ್ಯೂಷನ್‌ಗೆ ಯಾರು ಬಿಡ್ತಾರೆ ಅಂತ ಕೇಳ್ತಾರೆ. ಆಗ ನಾನು ಏನೋ ಹೊಸದಾಗಿ ಕೇಳಿದ ಹಾಗಾಗುತ್ತೆ. ಮೊದಲನೇ ಸಲ ಕೇಳಿ ತಗೊಳ್ಳೋಕೇ ಎರಡು ವರ್ಷ ಹಿಡೀತು. ಓಡ್ತಾ ಇದ್ರೆ ಯಾರೂ ಏನೂ ಅನ್ನಲ್ಲ. ಓಡಲ್ಲ ಅಂದ್ರೆ ಮನೆಯಿಂದ ಆಚೆ ಹೋಗೋಕೆ ನನಗೆ ಕಾರಣ ಇಲ್ಲ."

ಇದನ್ನು ಕೇಳಿದ ಮೇಲೆ ಹಿಂದಿನ ಇಬ್ಬರು ನೆನಪಾದರು. ಅವರಿಗೂ ಇದೇ ಆಗಿತ್ತೇನೋ. ನಾನು ಕೇಳಿರಲಿಲ್ಲ. ಕಾಲಿನ ಬಗ್ಗೆ, ಛಲದ ಬಗ್ಗೆ, ಪದಕದ ಬಗ್ಗೆ ಕೇಳಿದ್ದೆ. ಬೆಳಗಿನ ಬಗ್ಗೆ ಕೇಳಿರಲಿಲ್ಲ.

ನಾನು ಕೊಟ್ಟ ಸಲಹೆ ಇದು. ಓಟ ನಿಲ್ಲಿಸಿ, ಬೆಳಗ್ಗೆಯನ್ನು ಬಿಡಬೇಡಿ. ನಾಳೆಯಿಂದಲೇ ಐದೂವರೆಗೆ ಗಾಡಿ ತಗೊಂಡು ಕೆರೆಗೆ ಹೋಗಿ. ಬೆಂಚಿನ ಮೇಲೆ ಕೂತುಕೊಳ್ಳಿ. ಏಳಕ್ಕೆ ಮನೆಗೆ ಬನ್ನಿ. ಟ್ಯೂಷನ್ನಿಗೆ ಬೇರೆ ವ್ಯವಸ್ಥೆ ಆಗಲಿ.

ಈ ಸಲಹೆಗೆ ಎರಡು ಕಡೆಯಿಂದ ಆಕ್ಷೇಪಣೆ ಬಂತು. ಫಿಸಿಯೋ ಫೋನ್ ಮಾಡಿ, ಎಲ್ಲರೂ ಓಡುತ್ತಿರುವ ಜಾಗದಲ್ಲಿ ಕೂರಿಸಿದರೆ ಇವರು ಸುಮ್ಮನಿರುತ್ತಾರಾ ಅಂದರು. ನನ್ನ ಜೊತೆ ಓದಿದ, ಇದೇ ಕೆಲಸ ಮಾಡುವ ಗೆಳತಿಯೊಬ್ಬಳು ಇನ್ನೂ ಖಾರವಾಗಿ, ಕುಡಿತ ಬಿಡಿಸಬೇಕಾದವರನ್ನು ಬಾರ್ ಮುಂದೆ ಕೂರಿಸಿದ್ದೀಯ ಅಂದಳು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಓಟ ಚಟವಾಗುವುದು ಉಂಟು. ಅಂಥವರನ್ನು ನಾನು ನೋಡಿದ್ದೇನೆ. ಮಂಡ್ಯದಿಂದ ಬರುತ್ತಿದ್ದ ಒಬ್ಬರಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಟೆಂಡನ್) ಊದಿಕೊಂಡಿತ್ತು. ಅವರು ದಿನಕ್ಕೆ ಇಪ್ಪತ್ತು ಸಲ ಬೇರೆಯವರ ಓಟದ ಲೆಕ್ಕವನ್ನು ಮೊಬೈಲಿನಲ್ಲಿ ನೋಡುತ್ತಿದ್ದರು. ಅವರಿಗೆ ನಾನು ಹೇಳಿದ್ದು ಪೂರ್ತಿ ಉಲ್ಟಾ. ಒಂದು ತಿಂಗಳು ಗುಂಪಿನ ಕಡೆ ತಲೆ ಹಾಕಬೇಡಿ, ಆ್ಯಪ್ ತೆಗೆದುಹಾಕಿ ಅಂದಿದ್ದೆ. ಆದರೆ ಈಕೆಗೆ ಬೇಕಾಗಿದ್ದು ಓಟಕ್ಕಿಂತ ಜಾಸ್ತಿ ಆ ಒಂದೂವರೆ ಗಂಟೆ. ಅದು ಕೈಬಿಟ್ಟು ಹೋಗುವ ಭಯ ಇರುವವರೆಗೆ ಯಾವ ಡಾಕ್ಟರ್ ಮಾತೂ ಅವರನ್ನು ಹಿಡಿದು ನಿಲ್ಲಿಸುತ್ತಿರಲಿಲ್ಲ.

ಫಿಸಿಯೋ ಮಾತಿನಲ್ಲಿ ಅರ್ಥವಿತ್ತು ಅನ್ನುವುದನ್ನು ಒಪ್ಪಿ ಒಂದು ಷರತ್ತು ಸೇರಿಸಿದೆ. ಶೂ ಹಾಕಿಕೊಳ್ಳುವ ಹಾಗಿಲ್ಲ. ಚಪ್ಪಲಿ ಹಾಕಿಕೊಂಡು ಹೋಗಬೇಕು. ಓಟದ ವಾಚ್ ಮನೆಯಲ್ಲೇ ಇರಬೇಕು.

ಮನೆಯಲ್ಲಿ ಹೇಳುವುದು ಹೇಗೆ ಅನ್ನುವುದೇ ಅವರಿಗೆ ದೊಡ್ಡ ಕಷ್ಟವಾಗಿತ್ತು. ಅರ್ಧ ಗಂಟೆ ಅದನ್ನೇ ಅಭ್ಯಾಸ ಮಾಡಿದೆವು. ಮೊದಲ ಸಲ ಹೇಳಿದಾಗ ಅವರ ಮಾತಿನಲ್ಲಿ ಮೂರು ಸಲ "ಬೇಜಾರು ಮಾಡ್ಕೋಬೇಡಿ" ಇತ್ತು. ಕೊನೆಗೆ ಉಳಿದದ್ದು ಇಷ್ಟು: "ನಾಳೆಯಿಂದ ಓಡಲ್ಲ, ಆದ್ರೂ ಕೆರೆಗೆ ಹೋಗ್ತೀನಿ. ಏಳಕ್ಕೆ ಬರ್ತೀನಿ. ಟ್ಯೂಷನ್‌ಗೆ ನೀವು ಬಿಡಿ." ಕಾರಣ ಸೇರಿಸಬೇಡಿ ಅಂದೆ. ಕಾರಣ ಕೊಟ್ಟರೆ ಆ ಕಾರಣದ ಮೇಲೆ ಚರ್ಚೆ ಶುರುವಾಗುತ್ತದೆ.

ಮುಂದಿನ ವಾರ ಗಂಡ ಕೂಡ ಬಂದರು. ಕೆಟ್ಟ ಮನುಷ್ಯ ಅಲ್ಲ, ಹೆಂಡತಿಯ ಎಂಆರ್‌ಐ ಫೈಲನ್ನು ಜೋಪಾನವಾಗಿ ಹಿಡಿದುಕೊಂಡು ಬಂದಿದ್ದರು. "ಓಡದೇ ಇರೋವ್ರು ಕೆರೆಗೆ ಯಾಕೆ ಹೋಗ್ಬೇಕು ಮೇಡಂ? ಮನೇಲೇ ಕೂರಬಹುದಲ್ಲ?" ನಾನು ಉತ್ತರ ಕೊಡಲಿಲ್ಲ, ನೀವು ಏನಾದರೂ ಆಡುತ್ತೀರಾ ಅಂತ ಕೇಳಿದೆ. ಸಂಜೆ ಶಟಲ್ ಆಡುತ್ತೇನೆ ಅಂದರು. ಯಾವತ್ತಾದರೂ ಪೆಟ್ಟಾಗಿತ್ತಾ? ಹೋದ ವರ್ಷ ಭುಜ ಹಿಡಿದುಕೊಂಡು ಒಂದು ತಿಂಗಳು ಆಡಿರಲಿಲ್ಲವಂತೆ. ಆಗ ಸಂಜೆ ಏನು ಮಾಡ್ತಿದ್ರಿ? "ಕೋರ್ಟ್‌ಗೆ ಹೋಗಿ ಕೂತು..." ಅಂದು ನಿಲ್ಲಿಸಿದರು. ಹೆಂಡತಿಯ ಮುಖ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ, "ನನ್ನ ಯಾರೂ ಕೇಳ್ಲಿಲ್ಲ, ಅಲ್ವಾ" ಅಂತ ಮೆಲ್ಲಗೆ ಹೇಳಿದರು. ಟ್ಯೂಷನ್ ವಿಷಯ ಅಲ್ಲಿಗೇ ಮುಗಿಯಿತು.

ಇನ್ನೆರಡು ವಿಷಯಗಳಿವೆ.

ಒಂದು, ನೋವಿನ ಬಗ್ಗೆ ಸುಳ್ಳು. ಫಿಸಿಯೋ ಪ್ರತಿ ಸಲ ನೋವಿಗೆ ಹತ್ತರಲ್ಲಿ ಎಷ್ಟು ಕೊಡ್ತೀರಿ ಅಂತ ಕೇಳುತ್ತಿದ್ದರು. ಇವರು ಸೊನ್ನೆ ಅನ್ನುತ್ತಿದ್ದರು. ಆ ಸುಳ್ಳು ಸೊನ್ನೆಗಳ ಮೇಲೆ ಪಾಪ ಅವರು ವ್ಯಾಯಾಮದ ಲೆಕ್ಕ ಹಾಕುತ್ತಿದ್ದರು. ನನ್ನ ಕೋಣೆಯಿಂದಲೇ ಫೋನ್ ಮಾಡಿಸಿ ನಿಜ ಹೇಳಿಸಿದೆ. ಆಮೇಲೆ ಒಂದು ಪುಸ್ತಕದಲ್ಲಿ ಮೂರು ಹೊತ್ತಿನದು ಬರೆಯೋಕೆ ಹೇಳಿದೆ: ನಡೆಯುವಾಗ, ಸಂಜೆ, ಮಾರನೇ ದಿನ ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ. ಓಡುವಾಗ ಮೈ ಬಿಸಿಯಾಗಿ ನೋವು ಮರೆಯಾಗಬಹುದು. ಮಾರನೇ ದಿನದ ಮೊದಲ ಹೆಜ್ಜೆಯಲ್ಲಿ ಅದು ಅಡಗುವುದು ಕಷ್ಟ.

ಇನ್ನೊಂದು, ಊಟ. ಇದನ್ನು ಕೇಳುವುದು ನನ್ನ ಕೆಲಸವೇ ಅಂತ ಕೆಲವರು ಅನ್ನಬಹುದು. ಹೌದು ಅಂತಲೇ ನನ್ನ ನಂಬಿಕೆ. ಒಂದೇ ಮೂಳೆ ಎರಡು ಸಲ ಬಿರುಕು ಬಿಟ್ಟ ಹೆಂಗಸನ್ನು ಮುಟ್ಟಿನ ಬಗ್ಗೆ ಯಾರಾದರೂ ಒಬ್ಬರು ಕೇಳಲೇಬೇಕು. ನಾಲ್ಕು ತಿಂಗಳಿಂದ ಮುಟ್ಟು ನಿಂತಿತ್ತು. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದರು. ಭಾನುವಾರ ಉದ್ದದ ಓಟ, ಅದೂ ಖಾಲಿ ಹೊಟ್ಟೆಯಲ್ಲಿ. ಸೋಮವಾರ ಒಪ್ಪತ್ತು. ರಾತ್ರಿ ತೂಕಕ್ಕೆ ಹೆದರಿ ಬರೀ ಮಜ್ಜಿಗೆ. ಓಡುವಷ್ಟಕ್ಕೆ ತಕ್ಕ ಊಟ ಸಿಗದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಹಾರ್ಮೋನು ಇಳಿಯುತ್ತದೆ, ಮುಟ್ಟು ತಪ್ಪುತ್ತದೆ, ಮೂಳೆ ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದಕ್ಕೆ ರೆಡ್-ಎಸ್ ಅಂತ ಹೆಸರು ಕೊಟ್ಟು, ಇದು ಗಂಡಸರಿಗೂ ಆಗುತ್ತದೆ ಅಂತ ಸ್ಪಷ್ಟಪಡಿಸಿದರು. ದೊಡ್ಡ ಆಟಗಾರರಿಗೆ ಮಾತ್ರ ಬರುವ ತೊಂದರೆ ಅಲ್ಲ ಇದು. ಕೆರೆ ಸುತ್ತ ಓಡುವ ನಮ್ಮ ಮನೆಯ ಹೆಂಗಸರಿಗೂ ಬರುತ್ತದೆ. ಅವರನ್ನು ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆ. ಓಡುವ ಮುನ್ನ ಒಂದು ಬಾಳೆಹಣ್ಣು, ಬಂದ ಮೇಲೆ ಹೊಟ್ಟೆ ತುಂಬ ತಿಂಡಿ ಅನ್ನುವುದನ್ನು ಡಯಟೀಷಿಯನ್ ಬರೆದುಕೊಟ್ಟರು. ಸೋಮವಾರದ ಒಪ್ಪತ್ತನ್ನು ಅವರು ಬಿಟ್ಟಿಲ್ಲ. ಅದು ಅವರ ಹರಕೆ, ನಾನು ಒತ್ತಾಯ ಮಾಡಲಿಲ್ಲ. ಹಿಂದಿನ ದಿನದ ಉದ್ದದ ಓಟವನ್ನು ಶನಿವಾರಕ್ಕೆ ತಂದುಕೊಳ್ಳಿ, ಭಾನುವಾರ ಚೆನ್ನಾಗಿ ಊಟ ಮಾಡಿ ಅಂದೆ.

ಬೆಂಚಿನ ಮೊದಲ ವಾರ ಕಷ್ಟವಾಯಿತಂತೆ. ಗುಂಪಿನವರು ಪಕ್ಕದಲ್ಲೇ ಓಡಿ ಹೋಗುವಾಗ ಕಣ್ಣು ತುಂಬಿ ಬರುತ್ತಿತ್ತಂತೆ. ಎರಡನೇ ವಾರ ಕೆರೆ ನಡುವಿನ ಮರದ ಮೇಲೆ ಕೂತ ಹೆಜ್ಜಾರ್ಲೆಗಳನ್ನು ಎಣಿಸೋಕೆ ಶುರು ಮಾಡಿದರು. "ನಾಲ್ಕು ವರ್ಷ ಈ ಕೆರೆ ಸುತ್ತಿದ್ದೀನಿ ಮೇಡಂ, ಇದರ ಕೊಕ್ಕಿನ ಕೆಳಗೆ ಚೀಲ ಇರೋದನ್ನೇ ಸರಿಯಾಗಿ ನೋಡಿರ್ಲಿಲ್ಲ." ಎಂಟು ವಾರ ಪೂರ್ತಿ ಮುಗಿಸಿದರು. ಅರ್ಧ ಗಂಟೆ ನಡೆದರೂ ಮಾರನೇ ದಿನ ನೋವಿಲ್ಲ ಅನ್ನುವುದು ಪುಸ್ತಕದಲ್ಲಿ ಎರಡು ವಾರ ಬಂದ ಮೇಲೆ ಫಿಸಿಯೋ ಓಟಕ್ಕೆ ಒಪ್ಪಿದರು. ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಅದೂ ದಿನ ಬಿಟ್ಟು ದಿನ. ಉಸಿರು ಇನ್ನೂ ಓಡು ಅನ್ನುತ್ತಿತ್ತಂತೆ. ಎದೆ ಮತ್ತು ಸ್ನಾಯು ಬೇಗ ತಯಾರಾಗುತ್ತವೆ, ಮೂಳೆ ನಿಧಾನ. ಆ ಒಂದು ನಿಮಿಷಕ್ಕೆ ನಿಲ್ಲುವುದೇ ಎಲ್ಲಕ್ಕಿಂತ ಕಷ್ಟ ಅಂದರು, ಆದರೆ ನಿಂತರು.

ಈಗ ವಾರಕ್ಕೆ ಮೂರು ದಿನ ಓಡುತ್ತಾರೆ, ಒಂದು ಸಲಕ್ಕೆ ಇಪ್ಪತ್ತೈದು ನಿಮಿಷ. ಹಾಫ್ ಮ್ಯಾರಥಾನಿಗೆ ಈ ವರ್ಷ ಹೆಸರು ಕೊಟ್ಟಿಲ್ಲ. ಓಟವಿಲ್ಲದ ದಿನ ಚಪ್ಪಲಿ ಹಾಕಿಕೊಂಡು ಹೋಗಿ ಕೂತು ಬರುತ್ತಾರೆ. ಐದೂವರೆಗೆ ಗಾಡಿ ಸ್ಟಾರ್ಟ್ ಆದಾಗ ಇವತ್ತು ಶೂನೋ ಚಪ್ಪಲಿನೋ ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲವಂತೆ.