ಮುಧೋಳದ ಬೆಲ್ಲ, ಅರಿಶಿನ ದುಬೈಗೆ: 45 ಸಾವಿರ ಕೊಡುವ ಮುಂಚೆ ಇದನ್ನು ಓದಿ

ತಮ್ಮಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ, ಮೊಬೈಲಿನಲ್ಲಿ ಇಷ್ಟು ಬರೆಯಲು ಆಗಲಿಲ್ಲ, ಇವತ್ತು ಮಾರ್ಕೆಟ್ ರಜೆ ಅಂತ ಕೂತು ಬರೆಯುತ್ತಿದ್ದೇನೆ. ನೀವು ಇರುವುದು ಚಿಂಚವಡದಲ್ಲಿ, ಊರು ಮುಧೋಳ. ಕಾಕಾ ಅವರದು ಬೆಲ್ಲದ ಗಾಣ, ಜೊತೆಗೆ ಎರಡು ಎಕರೆ ಅರಿಶಿನ. ದುಬೈಯ ಅಂಗಡಿಯವರೊಬ್ಬರು ತಿಂಗಳಿಗೆ ಒಂದು ಟನ್ ಬೆಲ್ಲದ ಪುಡಿ ಕೇಳಿದ್ದಾರೆ, ಆಮೇಲೆ ಅರಿಶಿನವೂ ಬೇಕು ಅಂದಿದ್ದಾರೆ. ಪುಣೆಯ ಕನ್ಸಲ್ಟೆಂಟ್ ಒಬ್ಬರು "ಎಲ್ಲಾ ಲೈಸೆನ್ಸ್" ಮಾಡಿಸಿಕೊಡಲು 45 ಸಾವಿರ ಕೇಳಿದ್ದಾರೆ. ಕೊಡಬೇಕಾ ಅಂತ ನಿಮ್ಮ ಪ್ರಶ್ನೆ.

ಕೊಡಬೇಡಿ. ನಾನು ನವಿ ಮುಂಬೈ ವಾಶಿಯ ಮಸಾಲಾ ಮಾರ್ಕೆಟ್‌ನಲ್ಲಿ 14 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಲೈಸೆನ್ಸ್ ಅನ್ನುವುದು ಈ ದಾರಿಯಲ್ಲಿ ತುಂಬಾ ಸುಲಭದ, ತುಂಬಾ ಅಗ್ಗದ ಭಾಗ. ದುಡ್ಡು ಹೋಗುವುದು ಅಲ್ಲಲ್ಲ. ಹೋಗುವುದು ಎರಡು ಕಡೆ: ಮಾಲಿನ ಕೋಡ್ ತಪ್ಪಾದಾಗ, ಮತ್ತು ಮಾಲು ತಗೊಂಡವರು ಹಣ ಕೊಡದೇ ಇದ್ದಾಗ. ಅದಕ್ಕೇ ಆ ಎರಡರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಮೊದಲು ಲೈಸೆನ್ಸ್ ಮಾತು ಮುಗಿಸಿಬಿಡುತ್ತೇನೆ. ಐಇಸಿ, ಅಂದರೆ ಆಮದು ರಫ್ತು ಕೋಡ್, ಇಲ್ಲದೆ ವ್ಯಾಪಾರದ ಮಾಲು ದೇಶದಾಚೆ ಹೋಗುವುದಿಲ್ಲ. ಅದನ್ನು ಕೊಡುವುದು ಡಿಜಿಎಫ್‌ಟಿ, ಕೇಂದ್ರ ವಾಣಿಜ್ಯ ಇಲಾಖೆಯ ಕೆಳಗಿನ ಕಚೇರಿ. ಸರ್ಕಾರಿ ಫೀಸ್ 500 ರೂಪಾಯಿ. ಜಿಎಸ್‌ಟಿ ಬಂದ ಮೇಲೆ ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಪ್ಯಾನ್, ಬ್ಯಾಂಕಿನ ಕ್ಯಾನ್ಸಲ್ಡ್ ಚೆಕ್, ವಿಳಾಸದ ದಾಖಲೆ ಇಟ್ಟುಕೊಂಡು ಕೂತರೆ ಆಧಾರ್ ಒಟಿಪಿ ಹಾಕಿ ಮನೆಯಲ್ಲೇ ಮುಗಿಯುತ್ತದೆ. ಒಂದು ಎಚ್ಚರ: ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರಿ ವೆಬ್‌ಸೈಟ್ ತರಹವೇ ಕಾಣುವ ಖಾಸಗಿಯವರು ಮೇಲೆ ಬರುತ್ತಾರೆ, ಐದಾರು ಸಾವಿರ ತಗೊಳ್ಳುತ್ತಾರೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ನೋಡಿ, ಇಲ್ಲದಿದ್ದರೆ ಹೊರಗೆ ಬನ್ನಿ. ಇನ್ನೊಂದು, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿಯನ್ನು ಅಪ್‌ಡೇಟ್ ಮಾಡಬೇಕು. ಏನೂ ಬದಲಾಗದಿದ್ದರೂ "ಬದಲಾಗಿಲ್ಲ" ಅಂತ ಖಚಿತ ಮಾಡಬೇಕು, ಅದಕ್ಕೆ ಫೀಸ್ ಇಲ್ಲ. ಮರೆತರೆ ಕೋಡ್ ನಿಷ್ಕ್ರಿಯ ಆಗುತ್ತದೆ, ಅದು ಗೊತ್ತಾಗುವುದು ಮಾಲು ಬಂದರಿನಲ್ಲಿ ನಿಂತ ಮೇಲೆ.

ಅರ್ಜಿ ಹಾಕುವ ಮುಂಚೆ ಕಾಕಾ ಜೊತೆ ಕೂತು ಒಂದು ನಿರ್ಧಾರ ಮಾಡಿ, ವ್ಯವಹಾರ ಪುಣೆಯ ವಿಳಾಸದಲ್ಲಾ, ಮುಧೋಳದ ವಿಳಾಸದಲ್ಲಾ? ಜಿಎಸ್‌ಟಿ ನೋಂದಣಿ, ಬ್ಯಾಂಕು, ಮುಂದೆ ಸಿಗುವ ರಾಜ್ಯದ ನೆರವು, ಎಲ್ಲಾ ಅದರ ಮೇಲೆ ನಿಂತಿದೆ. ಮುಧೋಳ ಆದರೆ ಕರ್ನಾಟಕದ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ, ಎಲ್ಲರೂ ವಿಟಿಪಿಸಿ ಅನ್ನುತ್ತಾರಲ್ಲ, ಅದು ನಿಮ್ಮದು. ಪುಣೆ ಆದರೆ ಮಹಾರಾಷ್ಟ್ರದ್ದು. ನನಗೆ ಕೇಳಿದರೆ ಗಾಣ ಎಲ್ಲಿದೆಯೋ ಅಲ್ಲೇ ಇರಲಿ, ಕಾಕಾ ಹೆಸರಿನಲ್ಲೇ ಇರಲಿ ಅನ್ನುತ್ತೇನೆ. ಮಾಲು ಮಾಡುವವರೇ ರಫ್ತುದಾರರು ಅಂದರೆ ಕೊಳ್ಳುವವರಿಗೂ ನಂಬಿಕೆ ಜಾಸ್ತಿ.

ಈಗ ಕೋಡ್. ಪ್ರತಿ ವಸ್ತುವಿಗೂ ಎಚ್‌ಎಸ್ ಕೋಡ್ ಅಂತ ಒಂದು ನಂಬರ್ ಇರುತ್ತದೆ. ಅರಿಶಿನಕ್ಕೆ 091030 ರಿಂದ ಶುರುವಾಗುವ ನಂಬರ್, ಅದರಲ್ಲಿ ಗೊಂದಲ ಇಲ್ಲ. ಬೆಲ್ಲ ಇರುವುದು 1701 ರ ಕೆಳಗೆ, ಸಕ್ಕರೆ ಇರುವ ಅದೇ ಮನೆಯಲ್ಲಿ. ಅಪಾಯ ಇರುವುದು ಇಲ್ಲೇ. 2022ರ ಜೂನ್ 1ರಿಂದ ಕೇಂದ್ರ ಸರ್ಕಾರ ಸಕ್ಕರೆ ರಫ್ತನ್ನು ನಿರ್ಬಂಧದ ಪಟ್ಟಿಗೆ ಹಾಕಿತು, 17011490 ಮತ್ತು 17019990 ಅನ್ನುವ ಕೋಡ್‌ಗಳು. ಕಬ್ಬಿನ ಬೆಲ್ಲದ ಕೋಡ್ 17011410, ಅದಕ್ಕೆ ಆ ನಿರ್ಬಂಧ ಇಲ್ಲ. 17011490ಕ್ಕೂ ಅದಕ್ಕೂ ಒಂದೇ ಅಂಕಿಯ ವ್ಯತ್ಯಾಸ ಅಷ್ಟೇ! ಪೆಂಟಿ ಬೆಲ್ಲವನ್ನು ಯಾರು ನೋಡಿದರೂ ಬೆಲ್ಲ ಅನ್ನುತ್ತಾರೆ. ಪುಡಿ ಮಾಡಿ ಒಣಗಿಸಿದರೆ ಅದು ನೋಡಲು ಕಂದು ಸಕ್ಕರೆಯೇ.

ನನ್ನ ಮೂರನೇ ಕನ್ಸೈನ್‌ಮೆಂಟ್‌ನಲ್ಲಿ ಇದೇ ಆಯಿತು. ಕೊಳ್ಳುವವರು ಅವರ ಕಡೆ ಅನುಕೂಲ ಅಂತ ಇನ್‌ವಾಯ್ಸ್‌ನಲ್ಲಿ "ಬ್ರೌನ್ ಶುಗರ್ ಜಾಗರಿ" ಅಂತ ಬರೆಯಲು ಹೇಳಿದರು, ನಾನು ಬರೆದೆ. ನ್ಹಾವಾ ಶೇವಾ ಬಂದರಿನಲ್ಲಿ ಮಾಲು ನಿಂತಿತು. ಸ್ಯಾಂಪಲ್ ತೆಗೆದರು, ಲ್ಯಾಬ್‌ಗೆ ಕಳಿಸಿದರು, ಬೆಲ್ಲವೇ ಅಂತ ಸಾಬೀತಾಗುವವರೆಗೆ 11 ದಿನ. ಮೇ ತಿಂಗಳು, ಉಗ್ರಾಣದ ಬಾಡಿಗೆ ದಿನದಿನಕ್ಕೂ ಏರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಆ ಸೆಕೆಗೆ ಪುಡಿ ಗಟ್ಟಿ ಹಿಡಿಯಿತು. ಅಧಿಕಾರಿಗಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ನಾನೇ ಕಾಗದದಲ್ಲಿ ಶುಗರ್ ಅಂತ ಬರೆದಿದ್ದೆ. ಆವತ್ತಿನಿಂದ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಲೇಬಲ್, ಟೆಸ್ಟ್ ರಿಪೋರ್ಟ್ ನಾಲ್ಕರಲ್ಲೂ ಒಂದೇ ಹೆಸರು, "ಕಬ್ಬಿನ ಬೆಲ್ಲದ ಪುಡಿ", ಒಂದಕ್ಷರ ಆಚೀಚೆ ಇಲ್ಲ. ನೀವೂ ಹಾಗೇ ಮಾಡಿ, ದುಬೈಯವರು ಏನೇ ಹೇಳಲಿ. ಮತ್ತು ಪ್ರತಿ ಸಲ ಲೋಡ್ ಮಾಡುವ ಮುಂಚೆ ಡಿಜಿಎಫ್‌ಟಿಯ ಹೊಸ ಅಧಿಸೂಚನೆ ನೋಡಿ. ಈರುಳ್ಳಿಯವರನ್ನು ಕೇಳಿ ಹೇಳುತ್ತಾರೆ: 2023ರ ಆಗಸ್ಟ್‌ನಲ್ಲಿ 40% ರಫ್ತು ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ, 2024ರ ಮೇನಲ್ಲಿ ತೆರವು. ಬೆಲ್ಲಕ್ಕೆ ಹಾಗೆ ಆಗಿಲ್ಲ, ಆದರೂ ನೋಡಿ.

ಕೋಡ್ ಗೊತ್ತಾದರೆ ಯಾವ ರಫ್ತು ಮಂಡಳಿಯಲ್ಲಿ ನೋಂದಾಯಿಸಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ನಿಮ್ಮದು ಒಂದೇ ಮನೆ, ಆದರೆ ಎರಡು ಬಾಗಿಲು. ಬೆಲ್ಲ ಅಪೆಡಾದ, ಅಂದರೆ ಕೃಷಿ ಮತ್ತು ಸಂಸ್ಕರಿತ ಆಹಾರ ರಫ್ತು ಪ್ರಾಧಿಕಾರದ ಕೆಳಗೆ ಬರುತ್ತದೆ. 1985ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು, ದೆಹಲಿ ಮುಖ್ಯ ಕಚೇರಿ, ನಮ್ಮ ವಾಶಿಯಲ್ಲೇ ಪ್ರಾದೇಶಿಕ ಕಚೇರಿ ಇದೆ, ಬೆಂಗಳೂರಿನಲ್ಲೂ ಇದೆ. ಅಲ್ಲಿ ಆರ್‌ಸಿಎಂಸಿ ಅನ್ನುವ ಸದಸ್ಯತ್ವ ಪತ್ರ ಮಾಡಿಸಬೇಕು. ನಾನು ಮಾಡಿಸಿದಾಗ 5,000 ರೂಪಾಯಿ ಮತ್ತು ಜಿಎಸ್‌ಟಿ. ಅರಿಶಿನ ಸ್ಪೈಸಸ್ ಬೋರ್ಡ್‌ನದು, ಕೊಚ್ಚಿಯಲ್ಲಿ ಕೇಂದ್ರ ಕಚೇರಿ. ಅವರ ರಫ್ತುದಾರ ನೋಂದಣಿ ಇಲ್ಲದೆ ಮಸಾಲೆ ಪದಾರ್ಥ ರಫ್ತು ಮಾಡುವ ಹಾಗೇ ಇಲ್ಲ, ಅಪೆಡಾ ಪತ್ರ ತೋರಿಸಿದರೆ ನಡೆಯುವುದಿಲ್ಲ. ಈ ಗುಂಪಿನಲ್ಲಿ ಗೋವಾದವರು, ಕಾರವಾರದವರು ಇದ್ದೀರಲ್ಲ, ಮುರುಗಲು ಕೂಡ ಸ್ಪೈಸಸ್ ಬೋರ್ಡ್‌ನ ಪಟ್ಟಿಯಲ್ಲೇ ಇದೆ, ಹಣ್ಣು ಅಂತ ಅಪೆಡಾಕ್ಕೆ ಹೋಗಿ ವಾಪಸ್ ಬಂದವರನ್ನು ನೋಡಿದ್ದೇನೆ. ಮೀನು, ಸಿಗಡಿ ಆದರೆ ಎಂಪೆಡಾ ಅನ್ನುವ ಸಮುದ್ರ ಉತ್ಪನ್ನಗಳ ಪ್ರಾಧಿಕಾರ, ಅದು ಬೇರೆಯೇ ಲೋಕ.

ಅರಿಶಿನವನ್ನು ಮೊದಲ ವರ್ಷ ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ಸಾಂಗ್ಲಿ ಮಾರ್ಕೆಟ್ ನಿಮಗೆ ಹತ್ತಿರ ಇದೆ, ಅಲ್ಲಿ ಒಳ್ಳೆಯ ರೇಟ್ ಸಿಗುತ್ತದೆ. ಬೆಲ್ಲದಲ್ಲಿ ಕೈ ಕುದುರಲಿ.

ಟೆಸ್ಟಿಂಗ್ ಬಗ್ಗೆ ಕಾಕಾ ಅವರಿಗೆ ಬಿಡಿಸಿ ಹೇಳಿ. ಮಹಾಲಿಂಗಪುರದ ಮಾರ್ಕೆಟ್‌ನಲ್ಲಿ ಹಳದಿ ಬಣ್ಣದ ಬೆಲ್ಲಕ್ಕೆ ರೇಟ್ ಜಾಸ್ತಿ ಅಂತ ಪಾಕಕ್ಕೆ ಹೈಡ್ರೋಸ್ ಅನ್ನುವ ಬಣ್ಣ ತಿಳಿ ಮಾಡುವ ಗಂಧಕದ ರಾಸಾಯನಿಕ ಹಾಕುವುದು ನಮಗೆಲ್ಲಾ ಗೊತ್ತು. ರಫ್ತಿಗೆ ಅದು ಬೇಡವೇ ಬೇಡ, ಗಂಧಕದ ಅಂಶ ಲ್ಯಾಬ್‌ನಲ್ಲಿ ಸಿಕ್ಕಿಬೀಳುತ್ತದೆ. ಎನ್‌ಎಬಿಎಲ್, ಅಂದರೆ ಲ್ಯಾಬ್‌ಗಳನ್ನು ಪರೀಕ್ಷಿಸುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರುವ ಲ್ಯಾಬ್‌ಗೆ ಕೊಡಿ, ಪುಣೆಯಲ್ಲೇ ಇವೆ. ತೇವಾಂಶ, ಸಲ್ಫರ್ ಡೈಆಕ್ಸೈಡ್, ಸೀಸದಂಥ ಲೋಹಗಳು, ಕೀಟನಾಶಕದ ಉಳಿಕೆ, ಇಷ್ಟು ನೋಡಿಸಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಗಾಣಕ್ಕೆ ಇಲ್ಲದಿದ್ದರೆ ಅದನ್ನೂ ಮಾಡಿಸಿ. ದುಬೈಯಲ್ಲಿ ಮಾರುವ ಪ್ಯಾಕೆಟ್ ಮೇಲೆ ಅರೇಬಿಕ್ ಭಾಷೆಯ ಲೇಬಲ್ ಬೇಕು, ಅದನ್ನು ಯಾರು ಅಂಟಿಸುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಮತ್ತೆ ನೀವು "ಸಾವಯವ ಬೆಲ್ಲ" ಅಂತ ಬರೆದಿದ್ದೀರಿ. ಕಾಕಾ ಗೊಬ್ಬರ ಹಾಕುವುದಿಲ್ಲ ಅನ್ನುವುದು ನಿಜವೇ ಇರಬಹುದು, ಆದರೆ ಎನ್‌ಪಿಒಪಿ, ಅಂದರೆ ಕೇಂದ್ರದ ಸಾವಯವ ಕಾರ್ಯಕ್ರಮದ ಪ್ರಮಾಣಪತ್ರ ಇಲ್ಲದೆ ರಫ್ತಿನ ಕಾಗದದಲ್ಲಿ ಸಾವಯವ ಅನ್ನುವ ಪದ ಹಾಕಬೇಡಿ. ಅದಕ್ಕೆ ಹೊಲವನ್ನೇ ನೋಂದಾಯಿಸಿ, ಪರಿವರ್ತನೆಯ ಅವಧಿ ಮುಗಿಸಬೇಕು. ಬೇಕಾದರೆ ಅದರ ಕೆಲಸ ಈಗಲೇ ಶುರು ಮಾಡಿ, ಫಲ ಮುಂದೆ.

ಪ್ಯಾಕಿಂಗ್‌ಗೆ ಸ್ವಲ್ಪ ಖರ್ಚು ಮಾಡಿ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಗಲು ಬಿಸಿ ರಾತ್ರಿ ತಂಪು ಆದಾಗ ಕಂಟೇನರ್ ಒಳಗೆ ಬೆವರು ಹನಿಯುತ್ತದೆ. ಅಂಧೇರಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್ ಇದೆ, 1966ರಲ್ಲಿ ಶುರುವಾದದ್ದು, ಪ್ಯಾಕಿಂಗ್ ಟೆಸ್ಟ್ ಮಾಡಿಕೊಡುತ್ತಾರೆ. ನಾನು ಹೋದಾಗ ಅಲ್ಲಿಯವರು ನನ್ನ ಪೌಚನ್ನು ಕೈಯಲ್ಲಿ ಹಿಡಿದು ನೋಡಿಯೇ ಯಾವ ಪದರ ಕಡಿಮೆ ಇದೆ ಅಂತ ಹೇಳಿದರು. ಅಷ್ಟು ತಾಳ್ಮೆಯಿಂದ ವಿವರಿಸಿದರು, ಇವತ್ತಿಗೂ ನೆನಪಿದೆ.

ಈಗ ಹಣದ ವಿಷಯ, ದಯವಿಟ್ಟು ಇದನ್ನು ಎರಡು ಸಲ ಓದಿ. ದುಬೈಯವರು "ಮೊದಲ ಸಲ 30% ಅಡ್ವಾನ್ಸ್, ಉಳಿದದ್ದು ಮಾಲು ತಲುಪಿದ ಮೇಲೆ" ಅಂದಿದ್ದಾರೆ ಅಂತ ಬರೆದಿದ್ದೀರಿ. ಮಡಗಾಂವದ ನನ್ನ ಗೆಳತಿ ಒಬ್ಬಳು ಇದೇ ಮಾತು ನಂಬಿ ಗೋಡಂಬಿ ಕಳಿಸಿದಳು. ಎರಡು ಸಲ ಹಣ ಸರಿಯಾಗಿ ಬಂತು. ಮೂರನೆಯದು ದೊಡ್ಡ ಆರ್ಡರ್, ಆಮೇಲೆ ಫೋನ್ ಎತ್ತಲಿಲ್ಲ. ಅವಳ ಮಗಳ ಕಾಲೇಜಿನ ದುಡ್ಡು ಅದು. ಅವಳಿಗೆ ಇಸಿಜಿಸಿ ಅನ್ನುವ ಹೆಸರೇ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ, ಅದಕ್ಕೇ ನಾನು ಸಿಕ್ಕವರಿಗೆಲ್ಲಾ ಹೇಳುತ್ತೇನೆ.

ಇಸಿಜಿಸಿ ಅಂದರೆ ರಫ್ತು ಹಣಕ್ಕೆ ವಿಮೆ ಕೊಡುವ ಕೇಂದ್ರ ಸರ್ಕಾರದ್ದೇ ಕಂಪನಿ, 1957ರಲ್ಲಿ ಶುರುವಾಯಿತು, ಮುಖ್ಯ ಕಚೇರಿ ಮುಂಬೈ, ಪುಣೆಯಲ್ಲೂ ಶಾಖೆ ಇದೆ. ಕೊಳ್ಳುವವರು ದಿವಾಳಿ ಆದರೆ, ಹಣ ಕೊಡದೆ ಸತಾಯಿಸಿದರೆ, ಆ ದೇಶದಲ್ಲಿ ಯುದ್ಧವೋ ಗಲಭೆಯೋ ಆಗಿ ಹಣ ಬರದಿದ್ದರೆ, ನಷ್ಟದ ದೊಡ್ಡ ಪಾಲು ಅವರು ಕೊಡುತ್ತಾರೆ. ಸಣ್ಣ ರಫ್ತುದಾರರಿಗೆ ಬೇರೆ ಪಾಲಿಸಿಯೇ ಇದೆ. ಆದರೆ ನನ್ನ ಲೆಕ್ಕದಲ್ಲಿ ಅದರ ನಿಜವಾದ ಉಪಯೋಗ ವಿಮೆ ಅಲ್ಲ. ಪಾಲಿಸಿಗೆ ಅರ್ಜಿ ಹಾಕಿದಾಗ ಅವರು ನಿಮ್ಮ ದುಬೈ ಅಂಗಡಿಯವರ ವಿಷಯ ವಿಚಾರಿಸಿ, ಇವರಿಗೆ ಇಷ್ಟರವರೆಗೆ ಸಾಲ ಕೊಡಬಹುದು ಅಂತ ಒಂದು ಮಿತಿ ಹೇಳುತ್ತಾರೆ. ಅವರು ಮಿತಿ ಕೊಡಲು ಹಿಂದೆ ಸರಿದರೆ ನೀವೂ ಹಿಂದೆ ಸರಿಯಿರಿ, ಅಷ್ಟೇ. ಪಾಲಿಸಿ ಮಾಲು ಕಳಿಸುವ ಮುಂಚೆ ಆಗಬೇಕು, ಮತ್ತು ಹಣ ತಡವಾದರೆ ಅವರು ಹೇಳಿದ ಅವಧಿಯೊಳಗೆ ತಿಳಿಸಬೇಕು. ಸಂಕೋಚಪಟ್ಟು ಇನ್ನೊಂದು ವಾರ ನೋಡೋಣ ಅಂತ ಸುಮ್ನೆ ಕೂತರೆ ಕ್ಲೇಮ್ ಹೋಗುತ್ತದೆ. ಇದರ ಜೊತೆಗೆ ದುಬೈಯ ಭಾರತೀಯ ಕಾನ್ಸುಲೇಟ್‌ನ ವಾಣಿಜ್ಯ ವಿಭಾಗಕ್ಕೆ ಇಮೇಲ್ ಹಾಕಿ, ಈ ಹೆಸರಿನ ಅಂಗಡಿ, ಈ ಟ್ರೇಡ್ ಲೈಸೆನ್ಸ್ ನಂಬರ್ ನಿಜವಾ ಅಂತ ಕೇಳಿ. ಅದಕ್ಕೆ ದುಡ್ಡಿಲ್ಲ. ಮೊದಲ ಎರಡು ಸಲ ಪೂರ್ತಿ ಅಡ್ವಾನ್ಸ್ ಕೇಳಿ ನೋಡಿ, ಒಂದು ಟನ್ ಬೆಲ್ಲಕ್ಕೆ ಅಡ್ವಾನ್ಸ್ ಕೊಡಲು ಆಗದವರು ಎಂಥ ವ್ಯಾಪಾರಸ್ಥರು?

ಕಲಿಯುವ ಜಾಗಗಳು ನಿಮಗೆ ತುಂಬಾ ಹತ್ತಿರ ಇವೆ. ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ಮಹಾರಾಷ್ಟ್ರ ರಾಜ್ಯ ಕೃಷಿ ಪಣನ (ಮಾರಾಟ) ಮಂಡಳಿ ಇದೆ, ಅವರು ಕೃಷಿ ಮಾಲಿನ ರಫ್ತಿಗೆ ಅಂತಲೇ ಕೆಲವು ದಿನಗಳ ತರಬೇತಿ ನಡೆಸುತ್ತಾರೆ. ಫೀಸ್ ಇದೆ, ಪಾಠ ಮರಾಠಿಯಲ್ಲಿ, ಚಿಂಚವಡದಲ್ಲಿ ಇದ್ದೀರಿ ಅಂದ ಮೇಲೆ ನಿಮಗೆ ಅದು ಕಷ್ಟ ಆಗಲಿಕ್ಕಿಲ್ಲ. ಕನ್ಸಲ್ಟೆಂಟ್‌ಗೆ ಕೊಡುವ ಹಣದಲ್ಲಿ ನೀವೂ ಕಾಕಾನೂ ಇಬ್ಬರೂ ಹೋಗಿ ಬರಬಹುದು. ಸೇನಾಪತಿ ಬಾಪಟ್ ರಸ್ತೆಯಲ್ಲಿ 1934ರ ಮರಾಠಾ ಚೇಂಬರ್ ಇದೆ, ಎಂಸಿಸಿಐಎ ಅನ್ನುತ್ತಾರೆ, ಮಾಲು ಯಾವ ದೇಶದ್ದು ಅನ್ನುವ ಮೂಲ ಪ್ರಮಾಣಪತ್ರದ ಕೆಲಸ ಅಲ್ಲಿ ಆಗುತ್ತದೆ. ಯುಎಇ ಜೊತೆ 2022ರ ಮೇ 1ರಿಂದ ಸೆಪಾ ಅನ್ನುವ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ, ಅದರ ಸುಂಕದ ರಿಯಾಯಿತಿ ಬೇಕಾದರೆ ಒಪ್ಪಂದದ್ದೇ ಪ್ರಮಾಣಪತ್ರ ಬೇಕು, ಸಾಮಾನ್ಯದ್ದು ಸಾಲದು, ಅದಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ವಾಣಿಜ್ಯ ಇಲಾಖೆ 2024ರ ಸೆಪ್ಟೆಂಬರ್‌ನಲ್ಲಿ ಟ್ರೇಡ್ ಕನೆಕ್ಟ್ ಅಂತ ಒಂದು ಪೋರ್ಟಲ್ ತೆರೆದಿದೆ, ಯಾವ ದೇಶದಲ್ಲಿ ಯಾವ ವಸ್ತುವಿಗೆ ಎಷ್ಟು ಸುಂಕ, ಯಾರನ್ನು ಕೇಳಬೇಕು, ಎಲ್ಲಾ ಅಲ್ಲಿ ಹುಡುಕಬಹುದು.

ಖರ್ಚು ವಾಪಸ್ ಸಿಗುವ ದಾರಿಯೂ ಇದೆ. ಮೊದಲ ಸಲ ರಫ್ತು ಮಾಡುವ ಸಣ್ಣ ಉದ್ಯಮದವರಿಗೆ ಕೇಂದ್ರದ ಎಂಎಸ್‌ಎಂಇ ಇಲಾಖೆ ಆರ್‌ಸಿಎಂಸಿ ಫೀಸ್, ರಫ್ತು ವಿಮೆಯ ಪ್ರೀಮಿಯಂ, ಟೆಸ್ಟಿಂಗ್ ಖರ್ಚಿನಲ್ಲಿ ಒಂದು ಪಾಲು ಮರಳಿಸುವ ಯೋಜನೆ ತಂದಿದೆ. ಗಾಣಕ್ಕೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮದ ಸರ್ಕಾರಿ ನೋಂದಣಿ ಮಾಡಿಸಿ, ಅದು ಉಚಿತ, ಮತ್ತು ಎಲ್ಲಾ ರಸೀದಿ ಒಂದು ಫೈಲ್‌ನಲ್ಲಿ ಇಡಿ. ಜಿಎಸ್‌ಟಿಯಲ್ಲಿ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಹಾಕಿದರೆ ತೆರಿಗೆ ಕಟ್ಟದೇ ರಫ್ತು ಮಾಡಬಹುದು, ಅದನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಹಾಕಬೇಕು.

ಏಜೆಂಟರಿಗೆ ದುಡ್ಡು ಕೊಟ್ಟು ಮಾಡಿಸಿ ಅಂತ ನಾನು ಹೇಳುವ ಕೆಲಸ ಒಂದೇ, ಬಂದರಿನಲ್ಲಿ ಕಸ್ಟಮ್ಸ್ ಕಾಗದ ಮುಗಿಸಿಕೊಡುವ ಕಸ್ಟಮ್ಸ್ ಬ್ರೋಕರ್‌ದು, ಹಳಬರು ಸಿಎಚ್‌ಎ ಅನ್ನುತ್ತಾರೆ. ಲೈಸೆನ್ಸ್ ಇರುವವರನ್ನೇ ಹಿಡಿಯಿರಿ, ತಿನ್ನುವ ಪದಾರ್ಥ ಕಳಿಸಿ ಅಭ್ಯಾಸ ಇರುವವರು ಬೇಕು. ಬ್ಯಾಂಕಿನಿಂದ ಎಡಿ ಕೋಡ್ ಪತ್ರ (ರಫ್ತಿನ ವ್ಯವಹಾರ ಯಾವ ಬ್ಯಾಂಕಿನ ಮೂಲಕ ಅಂತ ತೋರಿಸುವುದು) ತಗೊಂಡು ಕಸ್ಟಮ್ಸ್‌ನ ಐಸ್‌ಗೇಟ್ ವೆಬ್‌ಸೈಟ್‌ನಲ್ಲಿ ನೋಂದಾಯಿಸುವುದನ್ನು ಅವರೇ ತೋರಿಸಿಕೊಡುತ್ತಾರೆ. ಒಂದು ಟನ್ನಿಗೆ ಪೂರ್ತಿ ಕಂಟೇನರ್ ಬೇಡ, ಎಲ್‌ಸಿಎಲ್ ಅಂತ ಬೇರೆಯವರ ಮಾಲಿನ ಜೊತೆ ಹೋಗುತ್ತದೆ, ಆದರೆ ಜೊತೆಗೆ ಏನು ತುಂಬುತ್ತಾರೆ ಅಂತ ಕೇಳಿ, ಬೆಲ್ಲ ವಾಸನೆ ಹಿಡಿಯುತ್ತದೆ. ಸ್ಯಾಂಪಲ್‌ಗೆ ಬ್ರೋಕರ್, ಕಂಟೇನರ್ ಬೇಡ, ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ (ಅಂಚೆ ರಫ್ತು ಕೇಂದ್ರ) ಇರುವ ಪೋಸ್ಟ್ ಆಫೀಸ್ ಹುಡುಕಿ, ಐದು ಕಿಲೋ ಅಲ್ಲಿಂದಲೇ ಕಳಿಸಿ.

ಈ ವಾರ ಎರಡೇ ಕೆಲಸ ಮಾಡಿ. ಕಾಕಾ ಅವರಿಗೆ ಹೇಳಿ ಹೈಡ್ರೋಸ್ ಹಾಕದ ಒಂದು ಪಾಕದ ಪುಡಿಯನ್ನು ಲ್ಯಾಬ್‌ಗೆ ಕೊಡಿ. ದುಬೈಯವರಿಂದ ಟ್ರೇಡ್ ಲೈಸೆನ್ಸ್ ಪ್ರತಿ ತರಿಸಿಕೊಳ್ಳಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ಇನ್‌ವಾಯ್ಸ್ ಕರಡು ಮಾಡಿದಾಗ ನನಗೆ ಮೆಸೇಜ್ ಮಾಡಿ, ಕೋಡ್ ಮತ್ತು ಹೆಸರು ಸರಿ ಇದೆಯಾ ಅಂತ ನಾನು ಕೂತು ನೋಡುತ್ತೇನೆ.