ನಕ್ಷತ್ರದ ದೂರ ದುಪ್ಪಟ್ಟಾಗಿದೆ!

ನಮಸ್ಕಾರ,

ತ್ರಿಭುಜದ ಲೆಕ್ಕದಿಂದ ನಕ್ಷತ್ರದ ದೂರ ಕಂಡುಹಿಡಿಯುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡುವ ಲೇಖನವೂ ಅಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಎಂಟೂವರೆ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವಷ್ಟು ದೂರ ಒಂದು ಜ್ಯೋತಿರ್ವರ್ಷ) ದೂರ ಎಂದಿದ್ದೀರಿ. ಅದು ಇರುವುದು 4.24 ಜ್ಯೋತಿರ್ವರ್ಷ ದೂರದಲ್ಲಿ. ಎಲ್ಲಿ ತಪ್ಪಿತು ಗೊತ್ತಾ? ಜನವರಿಯಿಂದ ಜುಲೈಗೆ ಭೂಮಿ 30 ಕೋಟಿ ಕಿ.ಮೀ. ಆಚೆ ಹೋಗಿರುತ್ತದೆ, ಸರಿ. ಆದರೆ ಸೂರ್ಯ, ಭೂಮಿ, ನಕ್ಷತ್ರ ಸೇರಿ ಆಗುವ ತ್ರಿಭುಜದಲ್ಲಿ ಲಂಬಕೋನ ಇರುವುದು ಸೂರ್ಯನ ಹತ್ತಿರ. ಹಾಗಾಗಿ ತ್ರಿಭುಜದ ಪಾದ 15 ಕೋಟಿ ಮಾತ್ರ. ಆ ಆರು ತಿಂಗಳಲ್ಲಿ ನಕ್ಷತ್ರ ಸ್ವಲ್ಪ ಸರಿದಂತೆ ಕಾಣುತ್ತದಲ್ಲ, ಕೋನವೂ ಆ ಒಟ್ಟು ಸರಿದದ್ದರ ಅರ್ಧ, 0.768 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್). ನೀವು ಕೋನವನ್ನು ಅರ್ಧ ಮಾಡಿ, ಪಾದವನ್ನು ಮಾತ್ರ ಪೂರ್ತಿ 30 ಕೋಟಿಯೇ ಇಟ್ಟಿದ್ದೀರಿ. 15 ಕೋಟಿಯನ್ನು ಆ ಕೋನದ ಟ್ಯಾನ್‌ನಿಂದ ಭಾಗಿಸಿ ನೋಡಿ, ಸುಮಾರು 40 ಲಕ್ಷ ಕೋಟಿ ಕಿ.ಮೀ. ಬರುತ್ತದೆ.

ಕಾಪು ದೀಪಸ್ತಂಭದ ಎತ್ತರ ಅಳೆಯುವ ನಿಮ್ಮ ಉದಾಹರಣೆ ಚೆಂದ ಇದೆ, ಆದರೆ ಇಲ್ಲಿಗೆ ಹೊಂದುವುದಿಲ್ಲ. ದೀಪಸ್ತಂಭದ ಬುಡದವರೆಗೆ ಟೇಪು ಹಿಡಿದು ಹೋಗಬಹುದು. ನಕ್ಷತ್ರದ ಬುಡಕ್ಕೆ ಹೋಗುವವರು ಯಾರು? ಅದರ ಬದಲು ಓದುಗರನ್ನು ಮಲ್ಪೆಗೆ ಕರೆದುಕೊಂಡು ಹೋಗಿ. ಸೇಂಟ್ ಮೇರೀಸ್ ದ್ವೀಪದ ಒಂದು ಮರ ನೇರ ಎದುರಿಗೆ ಕಾಣುವಲ್ಲಿ ನಿಲ್ಲಿಸಿ. ಆಮೇಲೆ ದಡದಲ್ಲೇ ಅರ್ಧ ಕಿ.ಮೀ. ನಡೆಸಿ, ಮರ ಎಷ್ಟು ಡಿಗ್ರಿ ಓರೆಯಾಯಿತು ಅಂತ ಅಳೆಸಿ. ದೋಣಿ ಹತ್ತದೆಯೇ ದೂರ ಸಿಕ್ಕಿತು, ಅಲ್ವಾ? ನಕ್ಷತ್ರಕ್ಕೂ ಇದೇ ಉಪಾಯ.

0.768 ಆರ್ಕ್‌ಸೆಕೆಂಡ್ ಎಂದು ಸುಮ್ನೆ ಬರೆದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಸಿಪ್ಪೆ ಸುಲಿಯದ, 20 ಸೆಂ.ಮೀ. ಅಗಲದ ತೆಂಗಿನಕಾಯಿಯನ್ನು ಉಡುಪಿಯಲ್ಲಿಟ್ಟು ಮಂಗಳೂರಿನಿಂದ ನೋಡಿದರೆ ಹೆಚ್ಚುಕಡಿಮೆ ಅಷ್ಟೇ ಕೋನ. ಬೇಕಿದ್ದರೆ ಬಳಸಿಕೊಳ್ಳಿ.

ಇನ್ನು ನಕ್ಷತ್ರದ ದೂರವನ್ನು ಹೀಗೆ ಅಳೆದ ಜರ್ಮನ್ ಖಗೋಳಜ್ಞ ಬೆಸೆಲ್. '1838ರಲ್ಲಿ ಬೆಸೆಲ್ ಅಳೆದರು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ ಮಾರಾಯ್ರೆ! ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಕೊಪರ್ನಿಕಸ್ ಪುಸ್ತಕ ಬಂದದ್ದು 1543ರಲ್ಲಿ. ಸುತ್ತುವುದೇ ನಿಜವಾದರೆ ನಕ್ಷತ್ರಗಳು ಯಾಕೆ ಸರಿದಂತೆ ಕಾಣುವುದಿಲ್ಲ ಎಂದು ಟೈಕೊ ಬ್ರಾಹೆಯಂಥ ದೊಡ್ಡ ಖಗೋಳಜ್ಞರೇ ಪಟ್ಟು ಹಿಡಿದರು. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು ವ್ಯಾಪಾರಿಗಳ ಕಚೇರಿ ಸೇರಿದ್ದ ಬೆಸೆಲ್, ಮುಂದೆ 61 ಸಿಗ್ನಿ ಎಂಬ ಮಂಕು ನಕ್ಷತ್ರದಲ್ಲಿ ಆ ಸರಿಯುವಿಕೆಯನ್ನು ಹಿಡಿದರು. ಕೋನ ಆರ್ಕ್‌ಸೆಕೆಂಡಿನ ಮೂರನೇ ಒಂದು ಭಾಗದಷ್ಟು. ಲೇಖನದ ಅರ್ಧ ಇಲ್ಲೇ ನಿಲ್ಲಲಿ.

ಸೈನ್, ಕಾಸ್ ಪಟ್ಟಿ ತೆಗೆಯಿರಿ, ಹತ್ತನೇ ಕ್ಲಾಸಿನ ಪುಸ್ತಕದಲ್ಲಿದೆ. ವಿಶ್ವದ ಮುಂದೆ ಮನುಷ್ಯ ಹುಲ್ಲುಕಡ್ಡಿ ಎನ್ನುವ ಕೊನೆಯ ಪ್ಯಾರಾ ಕೂಡ ಬೇಡ. ಚೌತಿಯೊಳಗೆ ತಿದ್ದಿ ಕಳಿಸಿದರೆ ದೀಪಾವಳಿ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ. ಚಿತ್ರ ನೀವೇ ಬರೆಯಿರಿ, ಕೈಯಲ್ಲಿ ಬರೆದದ್ದಾದರೂ ಸಾಕು.

– ಸಂಪಾದಕ, ಮಂಗಳೂರು