ಸೆಕೆಂಡ್ ಹ್ಯಾಂಡ್ ಪಂಪ್, ವೀಡ್ ಕಟ್ಟರ್: ದುಡ್ಡು ಕೈ ಬಿಡುವ ಮೊದಲು

ನಮ್ಮ ಕೊಡಗಿನ ಸಿದ್ದಾಪುರ ಕಡೆಯಿಂದ ಕೇಳಿದ ಅಣ್ಣನವರಿಗೆ. ನೀವು ಕೇಳಿದ್ದು ಎರಡು ವಿಷಯ. ಒಂದು, ಒಎಲ್‌ಎಕ್ಸ್‌ನಲ್ಲಿ ನೋಡಿದ ಡೀಸೆಲ್ ಪಂಪ್‌ಸೆಟ್‌ಗೆ ಐದು ಸಾವಿರ ಅಡ್ವಾನ್ಸ್ ಹಾಕಬಹುದಾ ಅಂತ. ಇನ್ನೊಂದು, ನಿಮ್ಮ ಹಳೇ ವೀಡ್ ಕಟ್ಟರ್ (ಕಳೆ ಕತ್ತರಿಸುವ ಮಿಷನ್) ಮಾರಾಟಕ್ಕೆ ಹಾಕಿದ ಅರ್ಧ ಗಂಟೆಯಲ್ಲೇ ಮಿಲಿಟರಿಯವನು ಅಂತ ಒಬ್ಬ ಫೋನ್ ಮಾಡಿ, ಹೇಳಿದ ರೇಟಿಗೆ ಒಪ್ಪಿ, ಕ್ಯೂಆರ್ ಕೋಡ್ ಕಳಿಸಿದ್ದಾನೆ, ಏನು ಮಾಡಲಿ ಅಂತ.

ಎರಡನೆಯದಕ್ಕೆ ಮೊದಲು ಉತ್ತರ. ಸ್ಕ್ಯಾನ್ ಮಾಡಬೇಡಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದು ದುಡ್ಡು ಕೊಡುವವರು, ತಗೊಳ್ಳುವವರಲ್ಲ. ನಿಮ್ಮ ಖಾತೆಗೆ ದುಡ್ಡು ಬರಬೇಕಾದರೆ ನೀವು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆ ನಿಮ್ಮ ಕಡೆಯಿಂದ ದುಡ್ಡು ಹೋಗುತ್ತಿದೆ ಅಂತಲೇ ತಿಳಿಯಿರಿ. "ಮೊದಲು ಒಂದು ರೂಪಾಯಿ ಹಾಕಿ, ಎರಡು ರೂಪಾಯಿ ವಾಪಸ್ ಬರುತ್ತೆ, ನೋಡಿ" ಅಂತಾನೆ. ಎರಡು ರೂಪಾಯಿ ಬಂದೂ ಬರುತ್ತದೆ. ಆ ನಂಬಿಕೆಯಲ್ಲಿ ಮುಂದಿನ ಸಲ ಎಂಟು ಸಾವಿರಕ್ಕೆ ಪಿನ್ ಒತ್ತಿಬಿಡುತ್ತೀರಿ.

ಈ ಮಿಲಿಟರಿ ಕಥೆ ದೇಶದ ಎಲ್ಲ ಕಡೆ ನಡೆಯುತ್ತದೆ. ಆದರೆ ನಮ್ಮಲ್ಲಿ ಸ್ವಲ್ಪ ಜಾಸ್ತಿನೇ ನಾಟುತ್ತದೆ. ಕೊಡಗಿನಲ್ಲಿ ಮಿಲಿಟರಿಯವರಿಲ್ಲದ ಕುಟುಂಬ ಹುಡುಕಬೇಕು, ಅಲ್ವಾ? ಯೂನಿಫಾರ್ಮಿನ ಫೋಟೋ, ಕ್ಯಾಂಟೀನ್ ಕಾರ್ಡಿನ ಫೋಟೋ ಕಂಡರೆ ನಾವು ಕರಗಿಬಿಡುತ್ತೇವೆ. ನನ್ನ ಚಿಕ್ಕಪ್ಪನೂ ಸುಬೇದಾರ್ ಆಗಿ ರಿಟೈರ್ ಆದವರು. ಹಳೇ ಸ್ಕೂಟರ್ ಒಂದಕ್ಕೆ ಅವರು ಮೂರು ದಿನ ಚೌಕಾಸಿ ಮಾಡಿ, ಕೊನೆಗೆ ಟಯರ್ ಸರಿಯಿಲ್ಲ ಅಂತ ಬಿಟ್ಟು ಬಂದರು. ನೋಡದೇ ಒಪ್ಪಿಕೊಳ್ಳುವ ಮಿಲಿಟರಿಯವರನ್ನು ನಾನಂತೂ ಕಂಡಿಲ್ಲ.

ಇನ್ನು ಪಂಪ್. ಇಲ್ಲಿ ನಾನೇ ಒಮ್ಮೆ ಮೂರ್ಖನಾಗಿದ್ದೇನೆ, ಅದನ್ನೇ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ, ಫೆಬ್ರವರಿ ಕೊನೆ. ಕಾಫಿ ಹೂ ಅರಳಿಸುವ ಹೂ ಮಳೆಯ ಸುಳಿವಿಲ್ಲ. ರೋಬಸ್ಟಾ ಕಾಫಿಯ ಮೊಗ್ಗು ರೆಡಿಯಾಗಿ ನಿಂತಿತ್ತು, ಕೆರೆ ದಿನಾ ಒಂದು ಗೇಣು ಇಳಿಯುತ್ತಿತ್ತು. ಅದೇ ವಾರ ನನ್ನ ಪಂಪ್ ಕೈಕೊಟ್ಟಿತು. ಹೂವಿಗೆ ನೀರು ಕೊಟ್ಟರೆ ಸಾಕಾ, ಹದಿನೈದು ಇಪ್ಪತ್ತು ದಿನದಲ್ಲಿ ಬ್ಯಾಕಿಂಗ್ ಅಂತ ಎರಡನೇ ಸಲದ ನೀರು ಬೇರೆ ಕೊಡಬೇಕು. ರಾತ್ರಿ ಫೋನಿನಲ್ಲಿ ಹುಡುಕುತ್ತಾ ಕೂತಾಗ ಹುಣಸೂರಿನದು ಅಂತ ಒಂದು ಪಂಪ್‌ಸೆಟ್ ಸಿಕ್ಕಿತು. ಅಂಥದ್ದೇ ಬೇರೆ ಪಂಪುಗಳಿಗೆ ಕೇಳುತ್ತಿದ್ದ ರೇಟಿನ ಅರ್ಧ. "ಇನ್ನೂ ಇಬ್ಬರು ಕೇಳಿದ್ದಾರೆ, ನಾಲ್ಕು ಸಾವಿರ ಹಾಕಿದರೆ ನಿಮಗೆ ಇಡ್ತೀನಿ" ಅಂದ. ಹಾಕಿದೆ. ಮರುದಿನ ಗಾಡಿಗೆ ಏರಿಸಿದ್ದೇವೆ, ಬಾಡಿಗೆ ಮತ್ತು ಗೇಟ್ ಪಾಸ್‌ಗೆ 2,500 ಅಂದ. ಅದನ್ನೂ ಹಾಕಿದೆ. ಸಂಜೆಯಿಂದ ಫೋನ್ ಸ್ವಿಚ್ ಆಫ್.

ಆಮೇಲೆ ನನ್ನ ಮಗಳು ಆ ಫೋಟೋ ದೊಡ್ಡದು ಮಾಡಿ ನೋಡಿ, "ಪಪ್ಪಾ, ಹಿಂದೆ ಇರೋದು ಗೋಧಿ ಹೊಲ ಅಲ್ವಾ?" ಅಂದಳು. ಹೌದು, ಗೋಧಿ. ಹುಣಸೂರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ ಅಂತ ನನಗೆ ಗೊತ್ತಿಲ್ಲವಾ? ಗೊತ್ತಿತ್ತು. ಕಣ್ಣಿಗೆ ಬಿದ್ದಿರಲಿಲ್ಲ. ಕಣ್ಣ ಮುಂದೆ ಇದ್ದದ್ದು ಮೊಗ್ಗು ಮಾತ್ರ.

ಅದಕ್ಕೇ ಹೇಳುವುದು, ನಮ್ಮ ಕಸುಬಿನಲ್ಲಿ ಮೋಸ ಹೋಗುವುದು ದಡ್ಡತನದಿಂದಲ್ಲ, ಸೀಸನ್ ಆತುರದಿಂದ. ಪಂಪ್ ಬೇಕಾಗುವುದು ಫೆಬ್ರವರಿ ಮಾರ್ಚ್‌ನಲ್ಲಿ, ಎಲ್ಲರಿಗೂ ಒಟ್ಟಿಗೆ. ಮಳೆಗೆ ಮೊದಲು ಬೋರ್ಡೋ ಔಷಧಿ ಹೊಡೆಯಲು ಸ್ಪ್ರೇಯರ್ ಬೇಕಾಗುವುದು ಮೇ ತಿಂಗಳಲ್ಲಿ. ಆಗ ರೇಟೂ ಜಾಸ್ತಿ, ಕಳ್ಳರೂ ಜಾಸ್ತಿ. ಈಗ ನಾನು ಪಂಪ್ ನೋಡುವುದು ಜುಲೈಯಲ್ಲಿ. ಹೊರಗೆ ಧೋ ಅಂತ ಸುರಿಯುತ್ತಿರುವಾಗ ಪಂಪಿನ ರೇಟು ಯಾರೂ ಕೇಳುವುದಿಲ್ಲ, ಮಾರುವವನೂ ಮೆತ್ತಗಾಗಿರುತ್ತಾನೆ. ಮಾರುವುದಾದರೆ ಉಲ್ಟಾ. ನಿಮ್ಮ ವೀಡ್ ಕಟ್ಟರ್ ಈಗ ಹೋಗದಿದ್ದರೆ ಬಿಡಿ, ಮಳೆ ಬಿದ್ದು ಕಳೆ ಎದ್ದಾಗ ಹಾಕಿ. ತಾನಾಗಿ ಹೋಗುತ್ತದೆ.

ಹಾಗಾಗಿ ಐದು ಸಾವಿರ ಅಡ್ವಾನ್ಸ್ ಬೇಡ. ಮಿಷನ್ ಇರುವ ಜಾಗಕ್ಕೆ ಹೋಗಿ, ಓಡಿಸಿ ನೋಡಿ, ಗಾಡಿಗೆ ಏರಿಸಿ, ಅಲ್ಲೇ ದುಡ್ಡು ಕೊಡಿ. ದೂರ ಇದ್ದರೆ ಹೋಗುವ ಮೊದಲು ವಿಡಿಯೋ ಕಾಲ್ ಮಾಡಿ. ಎಂಜಿನ್ ಮೇಲಿನ ನಂಬರ್ ಪ್ಲೇಟ್ ಬಟ್ಟೆಯಲ್ಲಿ ಒರೆಸಿ ತೋರಿಸಿ ಅನ್ನಿ, ಸ್ಟಾರ್ಟ್ ಮಾಡಿ ತೋರಿಸಿ ಅನ್ನಿ. ನಿಜವಾಗಿ ಮಿಷನ್ ಇರುವವನು ಎರಡು ನಿಮಿಷದಲ್ಲಿ ತೋರಿಸುತ್ತಾನೆ. ಇಲ್ಲದವನ ಕ್ಯಾಮರಾ ಆವತ್ತೇ ಕೆಟ್ಟಿರುತ್ತದೆ.

ಹೊರಡುವಾಗ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೆಕ್ಯಾನಿಕ್ ಆದರೆ ಒಳ್ಳೆಯದು, ಅವರಿಗೆ ಅರ್ಧ ದಿನದ ಸಂಬಳ ಕೊಟ್ಟರೂ ನಷ್ಟವಿಲ್ಲ. "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿಡಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಬೆಳಿಗ್ಗೆಯಿಂದ ಒದ್ದಾಡಿ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಚಹಾ ಕುಡಿಯುತ್ತಾ ಕೂರಿ, ತಣ್ಣಗಾಗಲಿ.

ಪಂಪ್ ಬರೀ ಓಡಿದರೆ ಸಾಲದು. ನಮ್ಮ ಕೆರೆ ಇರುವುದು ಗದ್ದೆ ಬದಿ, ತೋಟ ಇರುವುದು ಬರೆ ಮೇಲೆ, ಅಂದರೆ ಗುಡ್ಡದ ಇಳಿಜಾರಿನಲ್ಲಿ. ಒಂದು ಕೆಜಿ ಪ್ರೆಷರ್ ಅಂದರೆ ಸುಮಾರು 10 ಮೀಟರ್ ಎತ್ತರ. ನಿಮ್ಮ ತೋಟದ ತುದಿ ಕೆರೆಯಿಂದ 30 ಮೀಟರ್ ಮೇಲಿದ್ದರೆ ಅಲ್ಲಿಗೆ ನೀರು ಮುಟ್ಟಲು ಮಾತ್ರ ಮೂರು ಕೆಜಿ ಹೋಗುತ್ತದೆ. ಪೈಪಿನೊಳಗೆ ಉಜ್ಜಿಕೊಂಡು ಹೋಗುವುದಕ್ಕೆ ಇನ್ನಷ್ಟು. ಸ್ಪ್ರಿಂಕ್ಲರ್ ತಿರುಗಲು ಬೇಕಾದದ್ದು ಅದರ ಮೇಲೆ. ಹಾಗಾಗಿ ನೀರು ಹೊರಗೆ ತಳ್ಳುವ ಡೆಲಿವರಿ ಪೈಪಿಗೆ ಒಂದು ಪ್ರೆಷರ್ ಗೇಜ್ ಕೂರಿಸಿ, ವಾಲ್ವ್ ನಿಧಾನಕ್ಕೆ ಮುಚ್ಚುತ್ತಾ ಮುಳ್ಳು ಎಲ್ಲಿಗೆ ಹೋಗುತ್ತದೆ ನೋಡಿ. ಪೂರ್ತಿ ಮುಚ್ಚಿ ಜಾಸ್ತಿ ಹೊತ್ತು ಓಡಿಸಬೇಡಿ, ನೀರು ಒಳಗೇ ಕಾದುಬಿಡುತ್ತದೆ. ಆಮೇಲೆ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಕೆರೆಯಿಂದ ನೀರು ಎಳೆಯುವ ಸಕ್ಷನ್ ಪೈಪಿನಲ್ಲಿ ನೀರು ನಿಂತಿದ್ದರೆ ಅದರ ತುದಿಯ ಫುಟ್ ವಾಲ್ವ್ ಸರಿ ಇದೆ. ಗ್ಲ್ಯಾಂಡಿನಿಂದ (ಪಂಪಿನ ಶಾಫ್ಟ್ ಹೊರಬರುವ ಜಾಗ) ತೊಟ್ಟು ತೊಟ್ಟಾಗಿ ನೀರು ಬೀಳುವುದು ಸಹಜ, ಧಾರೆಯಾಗಿ ಬಂದರೆ ಸ್ವಲ್ಪ ಕೆಲಸ ಇದೆ. ಅದು ಚೌಕಾಸಿಗೆ ಸಾಕು, ಬಿಟ್ಟು ಬರುವಷ್ಟು ದೊಡ್ಡದಲ್ಲ.

ಪೈಪ್ ಜೊತೆಗೆ ಕೊಡುತ್ತೇನೆ ಅಂದರೆ ಒಂದೊಂದೇ ಎಣಿಸಿ. ಕೊಂಡಿ ಮುರಿದ, ರಬ್ಬರ್ ಇಲ್ಲದ ಪೈಪನ್ನು ಕಟ್ಟಿನ ಒಳಗೆ ಹಾಕಿರುತ್ತಾರೆ. ಇದನ್ನು ನಾನೂ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ವೀಡ್ ಕಟ್ಟರ್, ಚೈನ್ ಸಾ ಕೊಳ್ಳುವವರಿಗೂ ಒಂದು ಮಾತು, ಈ ಗುಂಪಿನಲ್ಲಿ ಕೇಳುವವರು ತುಂಬಾ ಇದ್ದಾರೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಮಿಷನ್ನಿಗೆ ಹೊರಗಿನ ಪೇಂಟ್ ನೋಡಿ ಮರುಳಾಗಬೇಡಿ. ಸೈಲೆನ್ಸರ್ ಎರಡು ಮೂರು ಬೋಲ್ಟಿನಲ್ಲಿ ಕೂತಿರುತ್ತದೆ. ಅದನ್ನು ಬಿಚ್ಚಿದರೆ ಹೊಗೆ ಹೋಗುವ ತೂತು ಕಾಣುತ್ತದೆ, ಸ್ಟಾರ್ಟ್ ಹಗ್ಗ ನಿಧಾನಕ್ಕೆ ಎಳೆದು ಪಿಸ್ಟನ್ ಆ ತೂತಿನ ಎದುರು ಬರುವ ಹಾಗೆ ನಿಲ್ಲಿಸಿ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಪಿಸ್ಟನ್ ಬದಿ ನುಣ್ಣಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಬೆಕ್ಕು ಪರಚಿದ ಹಾಗೆ ಮೇಲಿಂದ ಕೆಳಗೆ ಗೆರೆಗಳಿದ್ದರೆ, ಯಾರೋ ಒಮ್ಮೆ ಆಯಿಲ್ ಹಾಕದ ಪೆಟ್ರೋಲಿನಲ್ಲಿ ಓಡಿಸಿರಬಹುದು. ಅಂಥದ್ದು ಇವತ್ತು ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ. "ಎಷ್ಟು ಆಯಿಲ್ ಹಾಕುತ್ತೀರಿ?" ಅಂತ ಸುಮ್ನೆ ಕೇಳಿ ನೋಡಿ. ಲೀಟರಿಗೆ 20 ಮಿಲಿ ಅಥವಾ 40 ಮಿಲಿ, ಕಂಪನಿ ಹೇಳಿದ ಲೆಕ್ಕ ತಟ್ಟಂತ ಬಂದರೆ ಸಮಾಧಾನ. "ಅಂದಾಜಿಗೆ ಒಂದು ಮುಚ್ಚಳ" ಅಂದರೆ ಟಾರ್ಚ್ ಇನ್ನೊಮ್ಮೆ ಹಾಕಿ.

ಬಿಲ್ ಕೇಳಲು ನಾಚಿಕೆ ಬೇಡ. ಕೆರೆ ಬದಿಯಿಂದ ಪಂಪ್ ಕಳವಾದ ಸುದ್ದಿ ನಮಗೆ ಹೊಸದಲ್ಲ. ಆ ಪಂಪ್ ಎಲ್ಲೋ ಒಂದು ಕಡೆ ಮಾರಾಟ ಆಗಿಯೇ ಆಗುತ್ತದಲ್ಲ? ಕದ್ದ ಮಾಲು ಅಂತ ಗೊತ್ತಿದ್ದೋ, ಅನುಮಾನಕ್ಕೆ ಕಾರಣ ಇದ್ದೋ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ. ನಂಬರ್ ಉಜ್ಜಿ ಅಳಿಸಿದ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ನನಗೆ ಗೊತ್ತಿರಲಿಲ್ಲ ಅನ್ನುವುದು ಕಷ್ಟ. ಬಿಲ್ ಕಳೆದಿದ್ದರೆ ಒಂದು ಹಾಳೆಯಲ್ಲಿ ಮಿಷನ್ ಹೆಸರು, ಸೀರಿಯಲ್ ನಂಬರ್, ದುಡ್ಡು, ತಾರೀಖು ಬರೆದು ಇಬ್ಬರೂ ಸಹಿ ಹಾಕಿ. ಇಬ್ಬರ ಕೈಯಲ್ಲೂ ಒಂದೊಂದು ಕಾಪಿ ಇರಲಿ. ನೀವು ಗುರುತಿನ ಚೀಟಿ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಅದರ ಮೇಲೆ ಅಡ್ಡವಾಗಿ "ವೀಡ್ ಕಟ್ಟರ್ ಮಾರಾಟಕ್ಕೆ ಮಾತ್ರ" ಅಂತ ಬರೆದು ತಾರೀಖು ಹಾಕಿ. ಟಿಲ್ಲರ್ ಥರದ್ದು ಸಬ್ಸಿಡಿಯಲ್ಲಿ ತೆಗೆದದ್ದಾದರೆ ಇಷ್ಟು ವರ್ಷ ಮಾರಬಾರದು ಅಂತ ಷರತ್ತು ಇರಬಹುದು, ಆ ಕಾಗದವನ್ನೂ ಕೇಳಿ.

ಜೀಪ್, ಪಿಕಪ್, ಟ್ರ್ಯಾಕ್ಟರ್ ಆದರೆ ಹಾಳೆಯಲ್ಲಿ ಬರೆದುಕೊಂಡರೆ ಆಗುವುದಿಲ್ಲ. ಹೆಸರು ವರ್ಗಾವಣೆಯ ಫಾರ್ಮ್ 29, 30 ಆಗಲೇಬೇಕು. ಸಾಲ ಇದ್ದ ಗಾಡಿಯಾದರೆ ಸಾಲ ತೀರಿತು ಅನ್ನುವ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ. ಕಣ್ಣೂರು, ವಯನಾಡ್ ಕಡೆಯಿಂದ ಕೇರಳ ನಂಬರಿನ ಜೀಪ್ ಅಗ್ಗಕ್ಕೆ ಬರುತ್ತದೆ. ಫಾರ್ಮ್ 28ರ ಎನ್‌ಒಸಿ ತಂದು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ ಕೊಡಗಿನ ಕೆಎ 12 ನಂಬರ್ ಮಾಡಿಸುವ ಹೊತ್ತಿಗೆ ಎಷ್ಟಾಗುತ್ತದೆ ಅಂತ ಕೂಡಿಸಿ ನೋಡಿ, ಆಮೇಲೆ ಅಗ್ಗ ಅನ್ನಿ. ಮಾರುವವರಿಗೆ ಇದು ಇನ್ನೂ ಮುಖ್ಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಗಾಡಿ ಎಷ್ಟು ಕೈ ದಾಟಿದ್ದರೂ.

ನಿಮ್ಮ ವೀಡ್ ಕಟ್ಟರ್ ಜಾಹೀರಾತಿನಲ್ಲಿ ಮೂರು ಬದಲಾವಣೆ ಮಾಡಿ. ಫೋಟೋದಲ್ಲಿ ನಿಮ್ಮ ಕಣ, ಗೋಡೌನ್ ಬಾಗಿಲು, ಒಳಗಿರುವ ಸ್ಪ್ರೇಯರ್ ಎಲ್ಲ ಕಾಣುತ್ತಿದೆ. ಕೊಳ್ಳುವವರಿಗೆ ಅದು ಬೇಡ, ಬೇರೆಯವರಿಗೆ ತುಂಬಾ ಬೇಕು. ಅಂಗಳದಲ್ಲಿ ಗೋಣಿಚೀಲ ಹಾಸಿ ಅದರ ಮೇಲೆ ಇಟ್ಟು ತೆಗೆಯಿರಿ. ಸೀರಿಯಲ್ ನಂಬರಿನ ಕೊನೆಯ ಎರಡು ಅಂಕಿ ಮರೆ ಮಾಡಿ. ಗೇರ್ ಹೆಡ್ ಬದಲಾಯಿಸಿದ್ದೀರಿ ಅಂತ ಇಲ್ಲಿ ಹೇಳಿದಿರಿ, ಅಲ್ಲೂ ಬರೆಯಿರಿ. ಕೊಳ್ಳುವವನು ಬಂದ ಮೇಲೆ ಗೊತ್ತಾಗಿ ಜಗಳ ಆಗುವುದಕ್ಕಿಂತ ಐನೂರು ಕಡಿಮೆ ಸಿಕ್ಕಿದರೂ ವಾಸಿ.

ನೋಡಲು ಬರುವವರನ್ನು ತೋಟಕ್ಕೆ ಕರೆಯಬೇಡಿ. ಟೌನಿನಲ್ಲಿ, ಗೊತ್ತಿರುವ ಮೆಕ್ಯಾನಿಕ್ ಅಂಗಡಿ ಮುಂದೆ, ಹಗಲಲ್ಲಿ. ನೆಟ್‌ವರ್ಕ್ ಕೂಡ ಅಲ್ಲಿ ಸಿಗುತ್ತದೆ. ನಮ್ಮ ತೋಟದೊಳಗೆ ಒಂದು ಕಡ್ಡಿ ಸಿಗ್ನಲ್‌ಗೆ ಗೇಟಿನ ತನಕ ಓಡಬೇಕು. ಇದನ್ನೇ ನೆಪ ಮಾಡಿ "ನನ್ನ ಕಡೆಯಿಂದ ಹೋಗಿದೆ ಸಾರ್, ನಿಮ್ಮಲ್ಲಿ ನೆಟ್‌ವರ್ಕ್ ಇಲ್ಲ" ಅಂತ ಹಸಿರು ಟಿಕ್ ಇರುವ ಸ್ಕ್ರೀನ್ ತೋರಿಸಿ ಹೊರಡುವವರಿದ್ದಾರೆ. ಆ ಹಸಿರು ಟಿಕ್ ತೋರಿಸುವ ನಕಲಿ ಆಪ್‌ಗಳೇ ಇವೆ. ಮೆಸೇಜ್ ಬಂತು ಅಂತಲೂ ನಂಬಬೇಡಿ, ಅದನ್ನೂ ಯಾರು ಬೇಕಾದರೂ ಟೈಪ್ ಮಾಡಿ ಕಳಿಸಬಹುದು. "ಅಯ್ಯೋ, ಒಂದು ಸೊನ್ನೆ ಜಾಸ್ತಿ ಹಾಕಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ" ಅನ್ನುವುದು ಇದೇ ಮೆಸೇಜಿನ ಮೇಲೆ. ಬ್ಯಾಂಕ್ ಬ್ಯಾಲೆನ್ಸ್ ನೀವೇ ತೆಗೆದು ನೋಡಿ. ಕಂಡ ಮೇಲೆ ಮಿಷನ್ ಕೊಡಿ.

ಇನ್ನು, ಯಾರಾದರೂ ಈಗಾಗಲೇ ದುಡ್ಡು ಕಳೆದುಕೊಂಡಿದ್ದರೆ: ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ಬೆಳಿಗ್ಗೆ ಅಲ್ಲ, ಈಗಲೇ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆದರೆ ಸಿಗುವ ಸಾಧ್ಯತೆ ಇರುತ್ತದೆ. ಟ್ರಾನ್ಸಾಕ್ಷನ್ ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ, ಚಾಟ್ ಅಳಿಸಬೇಡಿ. ಸರ್ಕಾರದ ಸೈಬರ್ ಕ್ರೈಮ್ ವೆಬ್‌ಸೈಟಿನಲ್ಲೂ ದೂರು ಹಾಕಬಹುದು. ನಾನು ಮಾನ ಹೋಗುತ್ತದೆ ಅಂತ ಎರಡು ದಿನ ಯಾರಿಗೂ ಹೇಳಲಿಲ್ಲ. 6,500 ರೂಪಾಯಿ ಹೋದದ್ದು ಹೋಯಿತು. ಆ ಸಲ ಪಕ್ಕದ ತೋಟದವರ ಪಂಪ್ ರಾತ್ರಿ ಹೊತ್ತು ಬಾಡಿಗೆಗೆ ತಂದು ಹೂವಿಗೆ ನೀರು ಕೊಟ್ಟೆ. ಮೊದಲೇ ಅವರನ್ನು ಕೇಳಬಹುದಿತ್ತು.

ನೀವು ನೋಡಿದ ಪಂಪ್ ಯಾವ ಊರಲ್ಲಿದೆ ಅಂತ ಇಲ್ಲಿ ಬರೆಯಿರಿ. ಕುಶಾಲನಗರ, ಪಿರಿಯಾಪಟ್ಟಣ ಕಡೆಯಾದರೆ ಭಾನುವಾರ ನಾನೂ ಬರುತ್ತೇನೆ. ಪ್ರೆಷರ್ ಗೇಜ್ ನನ್ನ ಹತ್ತಿರ ಇದೆ, ನೀವು ಎರಡು ಇಂಚಿನ ಪೈಪ್ ನಿಪ್ಪಲ್ (ಜೋಡಿಸುವ ತುಂಡು) ಒಂದು ತನ್ನಿ.